ಎಡಬದಿಯ ಪ್ಯಾನೆಲ್

“ಬೇರೆ ಎಲ್ಲ ತೆಗೀರಿ. ಎಡಬದಿಯ ಹಿಂದಿನ ಪ್ಯಾನೆಲ್ ಒಂದನ್ನು ಮಾತ್ರ ಮುಟ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ.”

ಚಿನ್ನಯ್ಯ ಇದನ್ನು ಹೇಳಿದ್ದು ಒಂದೇ ಸಲ. ಅದೂ ಶೆಡ್ಡಿನ ಒಳಗೆ ಬಾರದೆ, ಹೊರಗೆ ಉರಿಬಿಸಿಲಿನಲ್ಲಿ ನಿಂತು, ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು.

ವ್ಯಾನಿನೊಳಗೆ ಮಂಡಿಯೂರಿದ್ದ ಅಬ್ದುಲ್ ನಾಸಿರ್‌ಗೆ ನಗು ಬಂತು. “ಯಾಕೆ ಚಿನ್ನಯ್ಯಣ್ಣ, ಒಳಗೆ ಹಾವುಂಟಾ?”

“ಹಾವಾದ್ರೆ ಹೊಡೀಬಹುದಿತ್ತು. ಅಲ್ಲಿ ಮಾಡಿಸಿ ಇಟ್ಟದ್ದುಂಟು.”

“ಮಾಟವಾ?” ನಾಸಿರ್ ಇನ್ನೂ ಜೋರಾಗಿ ನಕ್ಕ. “ಶಾರ್ಜಾದಲ್ಲಿ ನಾನು ಎಷ್ಟು ಗಾಡಿಯ ಹೊಟ್ಟೆ ಬಗೆದಿದ್ದೇನೆ ಗೊತ್ತುಂಟಾ? ಪ್ಯಾನೆಲ್‌ನ ಹಿಂದೆ ಸಿಗುವುದು ಧೂಳು, ಬಾಚಣಿಗೆ, ಮಕ್ಕಳ ಚಪ್ಪಲಿ. ಸೈತಾನ ಒಮ್ಮೆಯೂ ಸಿಗ್ಲಿಲ್ಲ.”

ಚಿನ್ನಯ್ಯ ಪಕ್ಕದ ಮುಚ್ಚಿದ ಅಂಗಡಿಯ ಜಗಲಿಗೆ ಹೋಗಿ ತನ್ನ ಚಾಪೆಯ ಮೇಲೆ ಕೂತ. ಒಂದು ಕಾಲಕ್ಕೆ ಡ್ರೈವರ್ ಆಗಿದ್ದ ಈ ಮುದುಕ ಈಗ ಬಾಡಿಗೆ ಗಾಡಿಗಳನ್ನು ತೊಳೆದು ಹೊಟ್ಟೆ ಹೊರೆಯುತ್ತಿದ್ದ. ವೇಣೂರಿನ ಆಚೆ ಅವನಿಗೆ ಮನೆಯುಂಟು, ಹೆಂಡತಿಯುಂಟು, ಆದರೂ ಅವನು ಅಲ್ಲಿಗೆ ಹೋಗುವುದಿಲ್ಲ ಎಂಬುದು ಗುರುವಾಯನಕೆರೆಯ ಪೇಟೆಗೆಲ್ಲ ಗೊತ್ತಿದ್ದ ಸಂಗತಿ. ಗಂಡ ಹೆಂಡಿರ ಜಗಳ ಇರಬೇಕು ಎಂದು ಜನ ಸುಮ್ಮನಾಗಿದ್ದರು. ಊರಿಗೆ ಹೊಸಬನಾದ ನಾಸಿರ್ ಕೂಡ ಹಾಗೆಯೇ ತಿಳಿದುಕೊಂಡಿದ್ದ.

ನಾಸಿರ್‌ನ ಹುಟ್ಟೂರು ಸಿದ್ಧಕಟ್ಟೆ. ಆದರೆ ತಾರುಣ್ಯವೆಲ್ಲ ಕಳೆದದ್ದು ಶಾರ್ಜಾದ ಒಂದು ಗ್ಯಾರೇಜಿನಲ್ಲಿ. ಗಾಡಿಗಳ ಒಳಮೈಯನ್ನು ಬಿಚ್ಚುವುದು, ಬಿಚ್ಚಿದ್ದೇ ಗೊತ್ತಾಗದ ಹಾಗೆ ಮತ್ತೆ ಜೋಡಿಸುವುದು, ಇದೇ ಅವನ ಕಸುಬು. ಅಲ್ಲಿಂದ ಕಳಿಸಿದ ದುಡಿಮೆಯಲ್ಲಿ ಸಿದ್ಧಕಟ್ಟೆಯಲ್ಲಿ ಮನೆ ಎದ್ದಿತು. ಎದ್ದ ಮನೆಯಲ್ಲಿ ಅವನು ಮಲಗಿದ್ದು ರಜೆಗೆ ಬಂದಾಗ ಮಾತ್ರ. ಮಗಳು ಹನಾ ಫೋನಿನ ಪರದೆಯಲ್ಲೇ ನಡೆಯಲು ಕಲಿತಳು, ಅಲ್ಲೇ ಶಾಲೆಗೆ ಹೋದಳು. ಕೊನೆಗೆ ಸೊಂಟ ಸೋತು, ಮನಸ್ಸು ಅದಕ್ಕಿಂತ ಮೊದಲೇ ಸೋತು ಅವನು ಮರಳಿ ಬಂದ. ಪೇಟೆಯ ಅಂಚಿನಲ್ಲಿ ತಗಡಿನ ಶೆಡ್ಡು ಹಿಡಿದ. ಅವನಿಗೆ ಇನ್ನು ಬೇಕಾಗಿದ್ದುದು ಒಂದೇ: ದಿನಾ ಸಂಜೆ ಸ್ವಂತ ಮನೆಗೆ ಹೋಗಿ ಕಾಲು ಚಾಚಿ ಕೂರುವುದು.

ವ್ಯಾನು ವೇಣೂರಿನ ಶಶಿರಾಜ್ ಎಂಬವರದ್ದು. ತಾಯಿ ಅನಂತಮತಿಯನ್ನು ಡಯಾಲಿಸಿಸ್‌ಗೆಂದು ಒಂದು ದಿನ ಬಿಟ್ಟು ಒಂದು ದಿನ ಮೂಡಬಿದ್ರೆಗೆ ಕರೆದೊಯ್ಯಲು ಅವರು ಅದನ್ನು ಹಳೆಯದಾಗಿ ಕೊಂಡಿದ್ದರು. ಒಳಗೆ ಕೂತರೆ ಕಾದ ಕಾವಲಿ, ಹೊರಟರೆ ತಗಡಿನ ಗಲಾಟೆ. ಒಳಗೋಡೆಯ ಪ್ಯಾನೆಲ್‌ಗಳನ್ನೆಲ್ಲ ತೆಗೆದು, ಹಿಂದಿನ ತಗಡಿಗೆ ಶಾಖವನ್ನೂ ಸದ್ದನ್ನೂ ತಡೆಯುವ ಹಾಳೆ ಅಂಟಿಸಿ, ಮತ್ತೆ ಹಾಗೆಯೇ ಕೂರಿಸಬೇಕಿತ್ತು. “ಒಂದೂ ಒಡೀಬಾರ್ದು ನಾಸಿರ್. ಈ ಗಾಡಿ ಈಗ ಬರುವುದೇ ಇಲ್ಲ. ಒಡೆದ್ರೆ ಬೇರೆ ಸಿಗುವುದಿಲ್ಲ,” ಎಂದು ಶಶಿರಾಜ್ ಹೇಳಿ ಹೋಗಿದ್ದರು.

ಒಡೆಯುವ ಕೈ ನಾಸಿರ್‌ನದ್ದಲ್ಲ. ಹಳೆಯ ಪ್ಲಾಸ್ಟಿಕ್ ಮುದುಕರ ಮೂಳೆಯ ಹಾಗೆ, ಅವಸರಪಟ್ಟರೆ ಪುಡಿ. ಅವನು ಮೊದಲು ಸೀಟುಗಳನ್ನು ಇಳಿಸಿದ. ಬಾಗಿಲಂಚಿನ ರಬ್ಬರನ್ನು ಬೆರಳಲ್ಲೇ ಸುಲಿದ. ಸ್ಕ್ರೂಗಳ ಮೇಲಿನ ಪುಟ್ಟ ಮುಚ್ಚಳಗಳನ್ನು ಉಗುರಲ್ಲಿ ಎಬ್ಬಿಸಿದ. ಬಳಿಕ ಪ್ಲಾಸ್ಟಿಕ್‌ನ ಚಪ್ಪಟೆ ಪಟ್ಟಿಯನ್ನು ಪ್ಯಾನೆಲ್‌ನ ಮೂಲೆಗೆ ತೂರಿಸಿ, ಒಂದು ಕಿವಿಯನ್ನು ಹತ್ತಿರ ಹಿಡಿದು, ನೇರವಾಗಿ ತನ್ನ ಕಡೆಗೆ ಎಳೆದ. ಟಕ್. ಒಳಗಿನ ಕ್ಲಿಪ್ ತನ್ನ ತೂತು ಬಿಡುವ ಸದ್ದು. ಮತ್ತೊಂದು ಟಕ್. ಹೀಗೆ ಬಲಬದಿ ಪೂರ್ತಿ ಬಂತು. ಛಾವಣಿಯದ್ದು ಬಂತು. ಹಿಂಬಾಗಿಲಿನದ್ದು ಬಂತು. ಒಂದೇ ಒಂದು ಗೆರೆ ಬೀಳಲಿಲ್ಲ.

ಉಳಿದದ್ದು ಎಡಬದಿಯ ಹಿಂದಿನದ್ದು.

ಮಧ್ಯಾಹ್ನದ ಸೆಖೆಗೆ ಶೆಡ್ಡಿನ ತಗಡು ಕಟಕಟ ಎನ್ನುತ್ತಿತ್ತು. ಅವನು ಪಟ್ಟಿ ತೂರಿಸಿದ. ಎಳೆದ. ಪ್ಯಾನೆಲ್ ಬರಲಿಲ್ಲ. ಬಿಸಿಗಾಳಿ ಹಿಡಿದು ಮೆತ್ತಗೆ ಮಾಡಿದ. ಆದರೂ ಬರಲಿಲ್ಲ. ಆಚೆ ಕಡೆಯಿಂದ ಯಾರೋ ಹಿಡಿದುಕೊಂಡ ಹಾಗೆ. ಬೆವರು ಕಣ್ಣಿಗಿಳಿಯಿತು. ಅವನು ಕೈ ಬದಲಿಸಿ ಇನ್ನೊಮ್ಮೆ ಎಳೆದ.

ಚಟ್.

ಅದು ಕ್ಲಿಪ್ ಬಿಡುವ ಸದ್ದಲ್ಲ, ಮುರಿಯುವ ಸದ್ದು. ನಾಸಿರ್ ಹಲ್ಲು ಕಚ್ಚಿದ. ಪ್ಯಾನೆಲ್ ಅವನ ಎದೆಯ ಮೇಲೆ ಬಂದು ಒರಗಿತು. ಹಿಂದಿನ ಕತ್ತಲ ಪೊಳ್ಳಿನಿಂದ ಒಂದು ವಾಸನೆ ಹೊರಟಿತು. ಗ್ರೀಸಿನದ್ದಲ್ಲ, ಇಲಿಯದ್ದಲ್ಲ. ಸೆಗಣಿ ಸಾರಿಸಿದ ನೆಲ, ದೀಪದ ಎಣ್ಣೆ, ಕುದಿಯುವ ಅನ್ನ. ಯಾರದೋ ಮನೆಯ ವಾಸನೆ.

ಚಕ್ರದ ಕಮಾನಿನ ಮೇಲೆ, ತಗಡಿನ ಎರಡು ಮಡಿಕೆಗಳ ನಡುವೆ, ಮುಷ್ಟಿಯಷ್ಟು ದೊಡ್ಡ ಕಪ್ಪು ಬಟ್ಟೆಯ ಗಂಟು ಇತ್ತು. ಕಟ್ಟಿದ ದಾರ ಕೂದಲಿನ ಹಾಗೆ ನುಣುಪಾಗಿತ್ತು. ಹಾಳೆ ಅಂಟಿಸಲು ಅದನ್ನು ತೆಗೆಯಲೇಬೇಕು. ತೆಗೆದವನು ಬಿಚ್ಚದೆ ಇರಲಾರ. ಬಿಚ್ಚಿದ. ಒಳಗೆ ಬರೀ ಮಣ್ಣು. ಒಣಗಿದ, ತುಳಿದು ತುಳಿದು ನುಣ್ಣಗಾದ ಕೆಂಪು ಮಣ್ಣು.

“ಇಷ್ಟಕ್ಕೆ ಹೆದರಿದ್ದಾ!” ಎಂದು ಅವನು ಮಣ್ಣನ್ನು ನೆಲಕ್ಕೆ ಕೊಡವಿ, ಬಟ್ಟೆಯನ್ನು ಮೂಲೆಗೆಸೆದು, ಪೊರಕೆಯಿಂದ ಮಣ್ಣನ್ನೆಲ್ಲ ಹೊರಗಿನ ಚರಂಡಿಗೆ ಗುಡಿಸಿದ.

ಅದೇ ಹೊತ್ತಿಗೆ ಜಗಲಿಯ ಮೇಲಿದ್ದ ಚಿನ್ನಯ್ಯ ಯಾರೋ ಹೆಸರು ಹಿಡಿದು ಕರೆದಂತೆ ಎದ್ದು ನಿಂತ. ಗಾಳಿಯನ್ನು ಮೂಸಿದ. ಚಾಪೆಯನ್ನೂ ಮಡಚದೆ, ಹಿಂದೆ ತಿರುಗಿಯೂ ನೋಡದೆ, ವೇಣೂರಿನ ರಸ್ತೆಯಲ್ಲಿ ಓಡುವಂತೆ ನಡೆದುಹೋದ.

ನಾಸಿರ್ ಕೆಲಸ ಮುಗಿಸಿದ. ಹಾಳೆ ಅಂಟಿಸಿ ಪ್ಯಾನೆಲ್‌ಗಳನ್ನು ಕೂರಿಸಿದ. ಮುರಿದ ಕ್ಲಿಪ್ಪಿಗೆ ಬೇರೊಂದನ್ನು ಹೊಂದಿಸಿದ. ಹೊತ್ತು ಇಳಿಯುವ ಮೊದಲೇ ಶಟರ್ ಎಳೆದು ಸ್ಕೂಟರ್ ಹತ್ತಿದ. ಹೆಂಡತಿ ಜಸೀಲಾ ಬೆಳಿಗ್ಗೆಯೇ ಹೇಳಿದ್ದಳು, ಇವತ್ತು ಕೋಳಿ ಸಾರಿನ ಕೋರಿರೊಟ್ಟಿ ಎಂದು.

ವೇಣೂರು ದಾಟಿತು. ಫಲ್ಗುಣಿಯ ಸೇತುವೆ ದಾಟಿತು. ಹೊಕ್ಕಾಡಿಗೋಳಿಯ ಏರು ಹತ್ತಿ ಇಳಿದ. ಸಿದ್ಧಕಟ್ಟೆಯ ಪೇಟೆ ಕಂಡಿತು. ಮಸೀದಿಯ ಹಸಿರು ದೀಪ ಹತ್ತಿತ್ತು. ತನ್ನ ಓಣಿ. ತನ್ನ ಗೇಟು. ಅಂಗಳದಲ್ಲಿ ಹನಾಳ ಸೈಕಲ್ ಒರಗಿಸಿಟ್ಟಿದೆ. ಅವನು ಹ್ಯಾಂಡಲ್ ತಿರುಗಿಸಿದ.

ಚಕ್ರದ ಕೆಳಗೆ ಅಂಗಳದ ಜಲ್ಲಿ ಸಿಗಲಿಲ್ಲ. ಡಾಮರು ಸಿಕ್ಕಿತು. ಎದುರಿಗೆ ಫಲ್ಗುಣಿಯ ಸೇತುವೆ.

ಸೊಂಟ ನೋವು, ಸೆಖೆ, ಕಣ್ಣಿಗೆ ಕತ್ತಲೆ ಬಂದಿರಬೇಕು ಎಂದುಕೊಂಡ. ಮತ್ತೆ ಹೊರಟ. ಹೊಕ್ಕಾಡಿಗೋಳಿ, ಪೇಟೆ, ಹಸಿರು ದೀಪ, ಓಣಿ, ಗೇಟು. ಈ ಸಲ ಕೋಳಿ ಸಾರಿನ ಘಮವೂ ಮೂಗಿಗೆ ಬಂತು. ತಿರುಗಿಸಿದ. ಸೇತುವೆ.

ಫೋನ್ ಬಂತು. ಜಸೀಲಾ. “ಎಲ್ಲಿದ್ದೀರಿ? ನಿಮ್ಮ ಸ್ಕೂಟರ್ ಗೇಟಿನ ಹತ್ರ ಬಂದ ಸದ್ದು ಕೇಳ್ತದೆ. ಹೊರಗೆ ಬಂದು ನೋಡಿದ್ರೆ ಯಾರೂ ಇಲ್ಲ.”

“ಬಂದೆ, ಇಲ್ಲೇ ಇದ್ದೇನೆ.”

“ಇಲ್ಲೇ ಅಂದ್ರೆ ಎಲ್ಲಿ? ಈಗಲೂ ಸದ್ದು ಬಂತು. ಈಗ. ಗೇಟಿನ ಹತ್ರ. ನಾನು ಗೇಟಿನಲ್ಲೇ ನಿಂತಿದ್ದೇನೆ.”

ಅವನು ಗೇಟಿನಲ್ಲೇ ಇದ್ದ. ಅವಳು ಕಾಣಲಿಲ್ಲ. ಗೇಟು ಕಂಡಿತು, ಸೈಕಲ್ ಕಂಡಿತು, ಬಾಗಿಲೊಳಗಿನ ಹಳದಿ ಬೆಳಕು ಕಂಡಿತು. ಅವಳ ಉಸಿರು ಫೋನಿನಲ್ಲಿ ಕೇಳಿತು. ಕೈ ಚಾಚಿದ. ತಣ್ಣಗಿನ ಕಂಬಿ ಬೆರಳಿಗೆ ತಾಗಿತು. ಸೇತುವೆಯ ಕಂಬಿ. ಕೆಳಗೆ ನೀರಿಲ್ಲದ ನದಿ. ಗಾಡಿ ತಿರುಗಿಸಿದ. ಬಾಯಲ್ಲಿ ಕುರ್‌ಆನಿನ ಆಯತುಲ್ ಕುರ್ಸಿ. ಓಣಿ. ಗೇಟು. ಸೇತುವೆ. ಎದೆ ಸ್ವಲ್ಪ ತಣ್ಣಗಾಯಿತು. ದಾರಿ ಮುಗಿಯಲಿಲ್ಲ. ಆಕಾಶದ ಕೆಂಪು ಆರಲಿಲ್ಲ. ಗೇಟು. ಸೇತುವೆ. ಕೈ ಮರಗಟ್ಟಿತು. ಗೇಟು. ಪೆಟ್ರೋಲ್ ತೀರಿತು. ಸ್ಕೂಟರ್ ಬಿಟ್ಟು ನಡೆದ. ಓಡಿದ. ಗೇಟು. ಗೇಟು. ಗೇಟು.

ರಾತ್ರಿ ಹೇಗೆ ಕಳೆಯಿತೆಂದು ಅವನಿಗೆ ನೆನಪಿಲ್ಲ. ಬೆಳಗಾದಾಗ ಗುರುವಾಯನಕೆರೆಯ ತನ್ನ ಶೆಡ್ಡಿನ ಮುಂದೆ ಕೂತಿದ್ದ. ಪಾದಗಳು ಬಾತು ಚಪ್ಪಲಿಯಿಂದ ಹೊರಗೆ ಉಕ್ಕಿದ್ದವು.

ವೇಣೂರಿನ ಮೊದಲ ಬಸ್ಸಿನಿಂದ ಚಿನ್ನಯ್ಯ ಇಳಿದ. ಗಡ್ಡ ಬೋಳಿಸಿಕೊಂಡಿದ್ದ. ಒಗೆದ ಅಂಗಿ, ತಲೆಗೆ ತೆಂಗಿನೆಣ್ಣೆ. ನಾಸಿರ್‌ನ ಕಾಲನ್ನು ನೋಡಿದವನೇ ಅವನ ಪಕ್ಕದಲ್ಲಿ ಕುಸಿದು ಕೂತ.

“ನಾನು ನಿನ್ನೆ ಮನೆಗೆ ಹೋದೆ,” ಎಂದ. “ಒಳಗೆ ಹೋದೆ. ಒಲೆಯ ಹತ್ರ ಕೂತು ಗಂಜಿ ಕುಡಿದೆ. ನನ್ನ ಹೆಂಡತಿ ಮುದುಕಿ ಆಗಿದ್ದಾಳೆ ಮಾರಾಯ್ರೆ. ಇಷ್ಟು ಹತ್ತಿರದಿಂದ ನೋಡ್ಲಿಕ್ಕೇ ಆಗಿರ್ಲಿಲ್ಲ.”

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಆ ವ್ಯಾನಿನ ಹಳೆಯ ಧಣಿಗೂ ಅವನ ದಾಯಾದಿಗಳಿಗೂ ಮನೆಯ ಪಾಲಿನಲ್ಲಿ ಹಗೆ. ಧಣಿ ಆ ಮನೆ ಮುಟ್ಟಬಾರದೆಂದು ಯಾರೋ ಅದೇ ಮನೆಯ ಹೊಸ್ತಿಲ ಮಣ್ಣನ್ನು ಮಂತ್ರಿಸಿ ವ್ಯಾನಿನಲ್ಲಿ ಅಡಗಿಸಿದರು. ಧಣಿ ಒಂದು ದಿನ ಸ್ಟಿಯರಿಂಗ್ ಹಿಡಿದ ಹಾಗೆಯೇ ರಸ್ತೆ ಬದಿಯಲ್ಲಿ ಸತ್ತು ಕೂತಿದ್ದ. ಮೈಮೇಲೆ ಒಂದು ಗಾಯ ಇಲ್ಲ. ಆಮೇಲೆ ಗಾಡಿ ಓಡಿಸುತ್ತಿದ್ದ ಚಿನ್ನಯ್ಯ, ಏನೋ ಸದ್ದು ಬರುತ್ತದೆಂದು ಪ್ಯಾನೆಲ್ ಬಿಚ್ಚಿದ, ಗಂಟನ್ನೂ ಬಿಚ್ಚಿದ.

“ಗಂಟು ಬಿಚ್ಚಿದವನಿಗೆ ದಾರಿ ಮುಗಿಯುವುದಿಲ್ಲ. ನಡೆದು ನಡೆದು ಸಾಯ್ಬೇಕು. ತನ್ನ ಹೊಸ್ತಿಲ ಮಣ್ಣನ್ನು ಅದೇ ಬಟ್ಟೆಯಲ್ಲಿ ಕಟ್ಟಿ ಅಲ್ಲಿಟ್ಟರೆ ದಾರಿ ಬಿಡ್ತದೆ. ಅಂಗಳದವರೆಗೆ ಹೋಗ್ಬಹುದು. ಹೊಸ್ತಿಲು ಮಾತ್ರ ದಾಟ್ಲಿಕ್ಕೆ ಆಗುವುದಿಲ್ಲ. ನಿನ್ನೆವರೆಗೆ ಅಲ್ಲಿದ್ದದ್ದು ನನ್ನ ಮಣ್ಣು.”

“ಇಷ್ಟೆಲ್ಲ ನಿನ್ನೆಯೇ ಹೇಳಬಾರ್ದಿತ್ತಾ?” ನಾಸಿರ್ ಕೇಳಿದ.

“ಹೇಳಿದೆ,” ಎಂದ ಚಿನ್ನಯ್ಯ. “ಒಂದೇ ಸಲ ಹೇಳಿದೆ. ಇನ್ನೊಂದು ಸಲ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ನಾನು ತುಂಬ ಸೋತಿದ್ದೆ.”

ಅವನನ್ನು ಹೊಡೆಯುವಷ್ಟು ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಿಗೂ ಶಕ್ತಿ ಬೇಕು.

ನಾಸಿರ್ ಜಸೀಲಾಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದ. ಅವಳು ಅಡುಗೆಮನೆಯ ಚೂರಿಯಿಂದ ಮುಂಬಾಗಿಲ ಹೊಸ್ತಿಲ ಬುಡದ ಸಿಮೆಂಟನ್ನು ಕೆತ್ತಿ, ಅಡಿಯ ಮಣ್ಣನ್ನು ತೆಗೆದು, ಟಿಫಿನ್ ಡಬ್ಬಿಯಲ್ಲಿ ತುಂಬಿಸಿಕೊಂಡು ಬಸ್ಸು ಹಿಡಿದಳು. ಶೆಡ್ಡಿನಲ್ಲಿ ನಾಸಿರ್ ಪ್ಯಾನೆಲನ್ನು ಮತ್ತೆ ತೆಗೆದ. ಈ ಸಲ ಅದು ಬೆರಳು ತಾಗಿಸಿದ್ದೇ ತಡ ತಾನಾಗಿ ಕಳಚಿಕೊಂಡಿತು. ಮೂಲೆಯಲ್ಲಿ ಬಿದ್ದಿದ್ದ ಕಪ್ಪು ಬಟ್ಟೆಯಲ್ಲಿ ಮಣ್ಣು ಕಟ್ಟಿಟ್ಟ. ಪ್ಯಾನೆಲ್ ಒತ್ತಿದ. ಟಕ್, ಟಕ್, ಟಕ್. ಇಷ್ಟು ಚೆಂದಕ್ಕೆ ಅದು ಹೊಸದಾಗಿದ್ದಾಗಲೂ ಕೂತಿರಲಾರದು.

ಅಂದು ಅವನು ಅಂಗಳ ಮುಟ್ಟಿದ. ಹನಾ ಓಡಿ ಬಂದು ಅಪ್ಪಿಕೊಂಡಳು. ಬಾಗಿಲ ಮುಂದಿನ ಸಿಟೌಟಿನ ಮೆಟ್ಟಿಲು ಹತ್ತಿದ. ಹೊಸ್ತಿಲಿನ ಮೇಲೆ ಕಾಲೆತ್ತಿ ಇಟ್ಟ. ಕಾಲು ಓಣಿಯ ಡಾಮರಿನ ಮೇಲೆ ಇತ್ತು. ಮತ್ತೆ ಬಂದು ಇಟ್ಟ. ಮತ್ತೆ ಓಣಿ. ಮೂರನೆಯ ಸಲ ಹನಾ ಅಳಲು ಶುರುಮಾಡಿದಳು. ಆಮೇಲೆ ಅವನು ಪ್ರಯತ್ನಿಸಲಿಲ್ಲ. ಮಸೀದಿಯ ಉಸ್ತಾದರು ಬಂದು ಕುರ್‌ಆನ್ ಓದಿ ಊದಿದರು. ಮಗುವಿನ ಹೆದರಿಕೆ ಇಳಿಯಿತು, ಅಷ್ಟೆ.

ವ್ಯಾನು ಶಶಿರಾಜರ ಮನೆಗೆ ಹಿಂದಿರುಗಿತು. ಎಡಬದಿಯದ್ದನ್ನು ಯಾರಿಂದಲೂ ಬಿಚ್ಚಿಸಬೇಡಿ ಎಂದು ನಾಸಿರ್ ಹೇಳಿದಾಗ ಅವರು, “ಸದ್ದೇ ಇಲ್ಲ ಈಗ, ಅಮ್ಮ ನಿದ್ದೆ ಮಾಡ್ತಾರೆ. ಬಿಚ್ಚುವುದು ಯಾಕೆ?” ಎಂದು ನಕ್ಕರು.

ನಾಸಿರ್‌ನ ಸಂಸಾರ ಹೊಸ್ತಿಲಿನ ಎರಡೂ ಬದಿಗೆ ಹರಡಿತು. ಸಿಟೌಟಿನಲ್ಲಿ ಅವನ ಚಾಪೆ, ಅವನ ತಟ್ಟೆ, ಮೊಳೆಗೆ ನೇತುಹಾಕಿದ ಅವನ ಅಂಗಿ. ಹನಾ ಹೊಸ್ತಿಲ ಒಳಗೆ ಕೂತು ಪಾಠ ಓದುತ್ತಾಳೆ, ಅವನು ಹೊರಗೆ ಕೂತು ಕೇಳುತ್ತಾನೆ. ಜಸೀಲಾ ಅನ್ನವನ್ನು ಹೊಸ್ತಿಲ ಮೇಲಿಂದ ಚಾಚುತ್ತಾಳೆ. ಶಾರ್ಜಾದಲ್ಲಿದ್ದಾಗ ಮನೆ ಕಡಲಿನ ಆಚೆ ಇತ್ತು. ಈಗ ಒಂದು ಗೇಣು ಆಚೆ. ಎರಡೂ ಒಂದೇ ಎಂದು ಅವನಿಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಮಳೆಗಾಲ ಬಂತು. ಇರಚಲು ಹೊಡೆದು ಚಾಪೆ ಒದ್ದೆಯಾಯಿತು. ಅವನಿಗೆ ಕೆಮ್ಮು ಹಿಡಿಯಿತು. ಬೇರೆ ಬಾಡಿಗೆ ಮನೆಗೆ ಹೋಗುವ ಎಂದು ಜಸೀಲಾ ಹೇಳಿದಳು. “ಈ ಮನೆಗಾಗಿಯೇ ಅಲ್ವಾ ನಾನು ಶಾರ್ಜಾದಲ್ಲಿ ದುಡಿದು ಸತ್ತದ್ದು? ನೀವಾದ್ರೂ ಒಳಗಿರಿ,” ಎಂದ ಅವನು. ಅವಳು ಮತ್ತೆ ಆ ಮಾತೆತ್ತಲಿಲ್ಲ. ಬದಲಿಗೆ ದಿನಾ ಅವನ ಜೊತೆ ಶೆಡ್ಡಿಗೆ ಬರತೊಡಗಿದಳು. ಸ್ಕ್ರೂಗಳನ್ನು ವಿಂಗಡಿಸಿದಳು. ಪ್ಲಾಸ್ಟಿಕ್ ಪಟ್ಟಿಯನ್ನು ಎಲ್ಲಿ ತೂರಿಸಬೇಕು, ಯಾವ ಕೋನದಲ್ಲಿ ಎಳೆಯಬೇಕು ಎಂದು ಕೇಳಿ ಕಲಿತಳು. ಅವಳ ಕೈ ಹಗುರ. ಒಂದು ಕ್ಲಿಪ್ಪೂ ಮುರಿಯುತ್ತಿರಲಿಲ್ಲ. ಬೇಸರ ಕಳೆಯಲು ಕಲಿಯುತ್ತಿದ್ದಾಳೆ ಎಂದು ನಾಸಿರ್ ನಂಬಿದ.

ಒಂದು ಶುಕ್ರವಾರ ಹನಾಗೆ ಜ್ವರ. ಶಾಲೆಗೆ ಹೋಗಿರಲಿಲ್ಲ. ಅಕ್ಕನ ಮನೆಗೆ ಹೋಗಿ ಬೇಗ ಬರುತ್ತೇನೆ ಎಂದು ಹೇಳಿ ಜಸೀಲಾ ಬೆಳಿಗ್ಗೆಯೇ ಹೊರಟಳು. ನಾಸಿರ್ ಜುಮಾ ನಮಾಜು ಮುಗಿಸಿ ಬಂದು ಸಿಟೌಟಿನಲ್ಲಿ, ಮುಚ್ಚಿಟ್ಟ ಊಟದ ಮುಂದೆ ಕೂತ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಒಳಗಿನಿಂದ ಏನೋ ದೊಪ್ಪನೆ ಬಿದ್ದ ಸದ್ದು. “ಉಪ್ಪಾ!” ಎಂದು ಅಪ್ಪನನ್ನು ಕರೆದ ಕಿರುಚು.

ಅವನು ಎದ್ದ. ಓಡಿದ. ಬಚ್ಚಲ ಬಾಗಿಲಲ್ಲಿ ಹನಾ ಜಾರಿ ಬಿದ್ದಿದ್ದಳು. ಹಣೆಯಲ್ಲಿ ರಕ್ತದ ಗೆರೆ. ಎತ್ತಿಕೊಂಡ. ಗಾಯವನ್ನು ತೊಳೆದ. ಬಟ್ಟೆ ಒತ್ತಿ ಹಿಡಿದು ಹಾಸಿಗೆಯ ಮೇಲೆ ಕೂರಿಸಿದ. ಮಗಳು ಅಳು ನಿಲ್ಲಿಸಿ ಅವನ ಮುಖವನ್ನೇ ದಿಟ್ಟಿಸಿದಳು.

“ಉಪ್ಪ, ನೀವು ಒಳಗಿದ್ದೀರಿ.”

ಅಂಗಾಲಿನ ಕೆಳಗೆ ಟೈಲ್ಸ್ ತಣ್ಣಗಿತ್ತು. ಮೇಲೆ ಫ್ಯಾನ್ ತಿರುಗುತ್ತಿತ್ತು. ಕಪಾಟಿನಿಂದ ಜಸೀಲಾಳ ಬಟ್ಟೆಯ, ಅತ್ತರಿನ ವಾಸನೆ. ಅವನು ಗೋಡೆ ಮುಟ್ಟಿದ. ಕಿಟಕಿಯ ಸರಳು ಹಿಡಿದ. ತಾನು ಕೊಂಡು ಕಳಿಸಿದ, ಒಮ್ಮೆಯೂ ಸರಿಯಾಗಿ ಮಲಗದ ಮಂಚದ ಮೇಲೆ ಕೂತ. ಕಣ್ಣೀರು ತಾನಾಗಿ ಇಳಿಯಿತು. ಎಷ್ಟೋ ವರ್ಷಗಳ ಆಯಾಸ ಮೈಯಿಂದ ಕಳಚಿ ಬಿದ್ದ ಹಾಗಾಯಿತು.

ಅಷ್ಟರಲ್ಲಿ ಅವನು ತಟ್ಟನೆ ಎದ್ದು ನಿಂತ.

ತಾನು ಒಳಗಿದ್ದೇನೆ ಎಂದರೆ ಯಾರೋ ಬಿಚ್ಚಿದ್ದಾರೆ.

ಫೋನ್ ಹೊಡೆದುಕೊಂಡಿತು.

“ಒಳಗೆ ಹೋದಿರಾ?” ಜಸೀಲಾಳ ಮೊದಲ ಮಾತೇ ಅದು.

“ಎಲ್ಲಿದ್ದೀ ನೀನು?”

“ಹೋದಿರಾ ಹೇಳಿ.”

“ಹೋದೆ.”

ಅವಳು ಉದ್ದಕ್ಕೆ ಉಸಿರು ಬಿಟ್ಟಳು. “ಹಾಗಾದ್ರೆ ಸರಿಯಾಗಿಯೇ ತೆಗೆದಿದ್ದೇನೆ. ಒಂದೂ ಒಡೀಲಿಲ್ಲ. ಕ್ಲಿಪ್ ನೋಡ್ಲಿಕ್ಕೆ ಗಂಡ ಕಳಿಸಿದ್ದು ಅಂತ ಶಶಿಯಣ್ಣನ ಮನೆಯಲ್ಲಿ ಹೇಳಿದೆ. ಮಣ್ಣನ್ನು ಹೊಳೆಗೆ ಬಿಟ್ಟೆ.” ಸ್ವಲ್ಪ ತಡೆದು ಹೇಳಿದಳು, “ಈಗ ಬಸ್ಸಲ್ಲಿದ್ದೇನೆ. ಜುಮಾದ ಬಾಂಗ್ ಕೂಗುವಾಗಲೇ ಹತ್ತಿದ್ದು. ಸಿದ್ಧಕಟ್ಟೆ ಇನ್ನೂ ಬರ್ಲಿಲ್ಲ.”

ಅವಳ ಹಿಂದೆ ಕಂಡಕ್ಟರನ ದನಿ ಕೇಳಿತು. ವೇಣೂರು, ವೇಣೂರು, ಇಳಿಯುವವರು ಬನ್ನಿ.

“ಬಟ್ಟೆ ಎಲ್ಲುಂಟು ಜಸೀಲಾ? ಆ ಕಪ್ಪು ಬಟ್ಟೆ?”

“ನನ್ನ ಬ್ಯಾಗಲ್ಲೇ ಉಂಟು.”

“ಅಲ್ಲೇ ಇಳಿ. ಸೇತುವೆಯ ಹತ್ರ ನಿಲ್ಲು. ಎಲ್ಲಿಗೂ ನಡೀಬೇಡ. ಫೋನ್ ಇಡಬೇಡ, ಮಾತಾಡ್ತಾ ಇರು.”

“ಎಂತ ಮಾತಾಡುವುದು?” ಎಂದಳು ಅವಳು. ಈಗಲೇ ದಣಿದುಹೋಗಿದ್ದ ದನಿ ಅದು. “ನೀವು ಸ್ವಲ್ಪ ಮಲಗಿ. ಒಳಗೆ ಮಲಗಿ ಎಷ್ಟು ಕಾಲವಾಯ್ತು.”

ಅವನು ಮಲಗಲಿಲ್ಲ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿ ಹಿಡಿದು ಅಡುಗೆಮನೆಗೆ ಹೋದ. ಚೂರಿ ತೆಗೆದ. ಮುಂಬಾಗಿಲಿಗೆ ಬಂದು, ಹೊಸ್ತಿಲ ಒಳಬದಿಯಲ್ಲಿ ಮಂಡಿಯೂರಿ, ಸಿಮೆಂಟನ್ನು ಕೆತ್ತತೊಡಗಿದ. ಹಣೆಗೆ ಬಟ್ಟೆ ಒತ್ತಿಕೊಂಡ ಹನಾ ಬಂದು ಅವನ ಪಕ್ಕ ನಿಂತಳು.

“ಎಂತ ಮಾಡ್ತೀರಿ ಉಪ್ಪ? ಉಮ್ಮ ಎಲ್ಲಿ?”

“ಬರ್ತಾಳೆ ಮೋಳೆ,” ಎಂದ ನಾಸಿರ್ ಮಗಳಿಗೆ. ಕೆಂಪು ಮಣ್ಣು ಸ್ವಲ್ಪ ಸ್ವಲ್ಪವಾಗಿ ಅವನ ಅಂಗೈಗೆ ಉದುರುತ್ತಿತ್ತು. “ಉಮ್ಮನಿಗೆ ಒಂದು ಒಳ್ಳೆಯ ಚಾಪೆ ತೆಗೆದು ಹೊರಗೆ ಹಾಸು ಮೋಳೆ. ದಪ್ಪದ್ದು. ದಿಂಬೂ ಇಡು.”